ಬ್ಯಾಟರಿ ಸೈಕಲ್: ಕೊಳ್ಳುವ ಮುನ್ನ, ಬಿಚ್ಚುವ ಮುನ್ನ

ಹತ್ತನೇ ತರಗತಿ ಮುಗಿಸಿ ಪಿಯುಸಿಗೆ ಸೇರುವ ಹುಡುಗನ ಮನೆಯಲ್ಲಿ ಜೂನ್ ತಿಂಗಳು ಬಂತೆಂದರೆ ಒಂದು ಚರ್ಚೆ ನಡೆದೇ ತೀರುತ್ತದೆ. ಕಾಲೇಜು ಆರು ಕಿಲೋಮೀಟರು. ನಡೆಯಲು ದೂರ, ಬಸ್ಸಿಗೆ ಕಾದರೆ ಮೊದಲ ಪೀರಿಯಡ್ ಹೋಯಿತು. ಸೈಕಲ್ ತುಳಿದರೆ ಬೆವರಿನಲ್ಲಿ ತೊಯ್ದು ತರಗತಿಯಲ್ಲಿ ಕೂರಬೇಕು. ಸ್ಕೂಟರಿಗೆ ವಯಸ್ಸು ಸಾಲದು. ಆಗ ಯಾರೋ ಬ್ಯಾಟರಿ ಸೈಕಲ್ಲಿನ ಮಾತೆತ್ತುತ್ತಾರೆ. ಲೈಸೆನ್ಸ್ ಬೇಡ, ನೋಂದಣಿ ಬೇಡ, ವಿಮೆ ಬೇಡ, ಪೆಟ್ರೋಲೂ ಬೇಡ. ಈ ನಾಲ್ಕು ‘ಬೇಡ’ಗಳಿಗೆ ಅಪ್ಪ ಅಮ್ಮ ತಲೆದೂಗುತ್ತಾರೆ. ಹುಡುಗ ಕೇಳುವುದು ಮಾತ್ರ ಬೇರೆ ಪ್ರಶ್ನೆ: ಎಷ್ಟು ಸ್ಪೀಡ್ ಹೋಗುತ್ತದೆ?

ಉತ್ತರ ಕಾನೂನಿನಲ್ಲಿಯೇ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಬ್ಯಾಟರಿ ವಾಹನವೊಂದು ‘ಮೋಟಾರು ವಾಹನ’ ಅನ್ನಿಸಿಕೊಳ್ಳಬಾರದು ಎಂದಾದರೆ ಅದರ ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ ಇರಬೇಕು, ವೇಗ ಗಂಟೆಗೆ 25 ಕಿ.ಮೀ. ಒಳಗಿರಬೇಕು, ಬ್ಯಾಟರಿ ಬಿಟ್ಟು ತೂಕ 60 ಕಿಲೋ ದಾಟಬಾರದು. ಪೆಡಲ್ ತುಳಿದಾಗ ನೆರವಾಗುವ ಸೈಕಲ್ಲಾದರೆ, 25 ಕಿ.ಮೀ. ಸಮೀಪಿಸಿದಂತೆ ಮೋಟಾರು ತಾನೇ ತಗ್ಗಿ ನಿಲ್ಲಬೇಕು. ತುಳಿಯುವುದು ನಿಂತರೂ ಅದು ನಿಲ್ಲಬೇಕು. ಇಷ್ಟೆಲ್ಲ ಇದೆಯೆಂದು ಪುಣೆಯ ಎ.ಆರ್.ಎ.ಐ.ಯಂಥ ಪರೀಕ್ಷಾ ಸಂಸ್ಥೆ ದೃಢಪಡಿಸಿರಬೇಕು. ಅಂದರೆ ಆ ನಾಲ್ಕು ‘ಬೇಡ’ಗಳೂ ಈ ಷರತ್ತುಗಳ ಮೇಲೆ ನಿಂತಿವೆ. ಷರತ್ತು ಮುರಿದರೆ ‘ಬೇಡ’ಗಳೆಲ್ಲ ‘ಬೇಕು’ಗಳಾಗುತ್ತವೆ. ಅಂಗಡಿಯಲ್ಲಿ ಬಣ್ಣ, ಬೆಲೆ ಕೇಳುವ ಮೊದಲು ಈ ಪ್ರಮಾಣಪತ್ರ ಕೇಳುವುದು ಒಳ್ಳೆಯದು.

ವಿಚಾರವೇನೂ ಹೊಸದಲ್ಲ. ಅಮೆರಿಕದ ಆಗ್ಡೆನ್ ಬೋಲ್ಟನ್ ಎಂಬಾತ 1895ರ ಡಿಸೆಂಬರ್ 31ರಂದೇ ಹಿಂದಿನ ಚಕ್ರದೊಳಗೆ ಮೋಟಾರು ಕೂರಿಸಿದ ಸೈಕಲ್ಲಿಗೆ ಪೇಟೆಂಟ್ ಪಡೆದಿದ್ದ. ಅದಕ್ಕೆ ಪೆಡಲ್ಲೇ ಇರಲಿಲ್ಲ! ಸವಾರನ ಕಾಲಿಗೆ ಮತ್ತೆ ಕೆಲಸ ಕೊಟ್ಟ ಬ್ಯಾಟರಿ ಸೈಕಲ್ಲನ್ನು ಜಪಾನಿನ ಯಮಹಾ ಕಂಪನಿ 1993ರಲ್ಲಿ ಮಾರಾಟಕ್ಕೆ ತಂದಿತು. ಸವಾರ ಎಷ್ಟು ಒತ್ತುತ್ತಾನೋ ಅಷ್ಟೇ ಬಲವನ್ನು ಮೋಟಾರು ಕೂಡಿಸುತ್ತಿತ್ತು. ವೇಗ 15 ಕಿ.ಮೀ. ದಾಟಿದ ಮೇಲೆ ನೆರವು ಇಳಿಯುತ್ತ ಹೋಗಿ 24ಕ್ಕೆ ನಿಲ್ಲುತ್ತಿತ್ತು. ಇಂದಿನ ಬ್ಯಾಟರಿ ಸೈಕಲ್ಲುಗಳ ಮೂಲ ಉಪಾಯ ಇದೇ.

ಇಷ್ಟು ಕಡಿಮೆ ಶಕ್ತಿಯ ಮೋಟಾರಿನಿಂದ ಏನಾದೀತು ಎಂಬ ಅನುಮಾನ ಸಹಜ. ಹನ್ನೊಂದನೇ ತರಗತಿಯ ಭೌತಶಾಸ್ತ್ರದಲ್ಲೇ ಇದಕ್ಕೆ ಲೆಕ್ಕವಿದೆ. ಹುಡುಗನ ತೂಕ 55 ಕಿಲೋ, ಸೈಕಲ್ 22, ಪುಸ್ತಕದ ಚೀಲ 6. ಒಟ್ಟು 83 ಕಿಲೋ. ಸಮತಟ್ಟು ರಸ್ತೆಯಲ್ಲಿ 20 ಕಿ.ಮೀ. ವೇಗದಲ್ಲಿ ಹೋಗಲು ಗಾಳಿಯ ತಡೆ, ಚಕ್ರದ ತಡೆ ಎರಡೂ ಸೇರಿ ಬೇಕಾಗುವುದು ಸುಮಾರು 100 ವ್ಯಾಟ್. ಪ್ರತಿ 20 ಮೀಟರಿಗೆ ಒಂದು ಮೀಟರ್ ಏರುವ ದಿಬ್ಬದಲ್ಲಿ 15 ಕಿ.ಮೀ. ವೇಗ ಉಳಿಸಿಕೊಳ್ಳಲು ಬೇಕಾಗುವುದು 220 ವ್ಯಾಟ್. ಸಾಮಾನ್ಯ ಮನುಷ್ಯ ಏದುಸಿರಿಲ್ಲದೆ 75ರಿಂದ 100 ವ್ಯಾಟ್ ಕೊಡಬಲ್ಲ. ಉಳಿದ ನೂರಿಪ್ಪತ್ತೋ ನೂರೈವತ್ತೋ ವ್ಯಾಟನ್ನು ಮೋಟಾರು ಕೊಟ್ಟರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಗುಡ್ಡವನ್ನೂ ಮಂಗಳೂರಿನ ಲೈಟ್‌ಹೌಸ್ ಹಿಲ್ ರಸ್ತೆಯನ್ನೂ ಇಳಿಯದೆ, ತಳ್ಳದೆ ಏರಬಹುದು, ಬೆವರು ಸ್ವಲ್ಪ ಬಂದರೂ. ಬ್ಯಾಟರಿ ಸೈಕಲ್ಲಿನ ಉಪಕಾರ ಇರುವುದು ಈ ಏರಿನಲ್ಲಿ, ವೇಗದಲ್ಲಲ್ಲ. ರಾಯಚೂರಿನಂಥ ಸಮತಟ್ಟಾದ ಊರಿನಲ್ಲಿ ನಾಲ್ಕು ಕಿಲೋಮೀಟರಿಗೆ ಗೇರುಳ್ಳ ಸಾದಾ ಸೈಕಲ್ಲೇ ಸಾಕೆಂದು ಹೇಳಿದರೆ ಅಂಗಡಿಯವರಿಗೆ ಬೇಸರವಾದೀತು, ಪಾಲಕರ ಕಿಸೆಗಲ್ಲ.

ಕೊಳ್ಳುವಾಗ ಎಲ್ಲರ ಕಣ್ಣು ಮೋಟಾರಿನ ಮೇಲೆ. ನೋಡಬೇಕಾದದ್ದು ಬ್ಯಾಟರಿ. ಅದರ ಮೇಲೆ ವೋಲ್ಟ್, ಆಂಪಿಯರ್-ಗಂಟೆ ಎಂಬ ಎರಡು ಅಂಕಿ ಇರುತ್ತವೆ. ಎರಡನ್ನೂ ಗುಣಿಸಿದರೆ ಅದರೊಳಗಿನ ಶಕ್ತಿ ವ್ಯಾಟ್-ಗಂಟೆಗಳಲ್ಲಿ ಸಿಗುತ್ತದೆ. 36 ವೋಲ್ಟಿನ, 7.5 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇರುವುದು 270. ಜೊತೆಗೆ ತುಳಿಯುತ್ತ ಹೋದರೆ ಕಿಲೋಮೀಟರಿಗೆ 10 ವ್ಯಾಟ್-ಗಂಟೆ ಎಂದು ಹಿಡಿಯಬಹುದು. ದೂರ 27 ಕಿ.ಮೀ. ತುಳಿಯದೆ ಎಕ್ಸಲರೇಟರ್ ತಿರುವಿಕೊಂಡೇ ಹೋದರೆ 15 ಎನ್ನಿ, 18 ಕಿ.ಮೀ.ಗೆ ಮುಗಿಯಿತು. ಜಾಹೀರಾತಿನಲ್ಲಿ ಅಚ್ಚಾಗುವ ದೂರ ತೆಳ್ಳಗಿನ ಸವಾರ, ನುಣುಪು ರಸ್ತೆ, ಹೊಸ ಬ್ಯಾಟರಿ ಮೂರೂ ಕೂಡಿಬಂದಾಗಿನದು. ಬ್ಯಾಟರಿಗೆ ವಯಸ್ಸಾಗುತ್ತದೆ, ಕೆಲವು ನೂರು ಸಲ ತುಂಬಿ ಬರಿದಾದ ಮೇಲೆ ಮೊದಲಿನಷ್ಟು ಹಿಡಿಯದು. ಕಾಲೇಜು, ಟ್ಯೂಷನ್, ಮನೆ ಸೇರಿ ದಿನಕ್ಕೆ 16 ಕಿ.ಮೀ. ಆಗುವುದಾದರೆ 25 ಕಿ.ಮೀ. ನಿಜವಾಗಿ ಓಡುವುದನ್ನೇ ಕೊಳ್ಳಬೇಕು. ಕರೆಂಟಿನ ಖರ್ಚಿನ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ಇಂಥ ಬ್ಯಾಟರಿ ಪೂರ್ತಿ ತುಂಬಲು ಒಂದು ಯೂನಿಟ್ಟಿನ ಮೂರನೇ ಒಂದು ಭಾಗವೂ ಬೇಡ. ನಿಜವಾದ ಖರ್ಚು ಹೊಸ ಬ್ಯಾಟರಿಯದು. ಅದಕ್ಕೇ ಆ ಬ್ಯಾಟರಿ ಬಿಡಿಯಾಗಿ ಸಿಗುತ್ತದೆಯೇ, ಬೆಲೆ ಎಷ್ಟು, ಊರಿನಲ್ಲೇ ರಿಪೇರಿಯವರು ಇದ್ದಾರೆಯೇ ಎಂಬುದನ್ನು ಮೊದಲ ದಿನವೇ ಕೇಳಬೇಕು. ತೂಕವನ್ನೂ ನೋಡಬೇಕು. ಬ್ಯಾಟರಿ ಮುಗಿದು ಅರ್ಧ ದಾರಿಯಲ್ಲಿ ನಿಂತಾಗ ತುಳಿಯಲಾಗದಷ್ಟು ಭಾರವಿದ್ದರೆ ಅದಕ್ಕೆ ಪೆಡಲ್ ಇರುವುದು ಶಾಸ್ತ್ರಕ್ಕೆ ಮಾತ್ರ.

ಹೊಸದೇ ಬೇಕೆಂದೂ ಇಲ್ಲ. ರಾಜ್ಯ ಸರಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದ ಮೇಲೆ ಎಷ್ಟೋ ಮನೆಗಳ ಜಗಲಿಗೆ ಉಕ್ಕಿನ ಸೈಕಲ್ ಬಂತು. ಅಂಥದಕ್ಕೆ ಚಕ್ರದೊಳಗಿನ ಮೋಟಾರು, ಕಂಟ್ರೋಲರ್, ಬ್ಯಾಟರಿ ಇರುವ ಕಿಟ್ ಹಾಕಿಸಬಹುದು. ಹಾಕುವುದು ಸುಲಭವೂ ಹೌದು, ಅಪಾಯವೂ ಹೌದು. ಸಾದಾ ಚಕ್ರದ ಆಕ್ಸಲ್ ಸುಮ್ಮನೆ ಕೂತಿರುತ್ತದೆ. ಮೋಟಾರಿನ ಆಕ್ಸಲ್ ಹಾಗಲ್ಲ. ಮೋಟಾರು ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ಆಕ್ಸಲ್ ಅಷ್ಟೇ ಬಲದಿಂದ ಹಿಂದಕ್ಕೆ ತಿರುಗಲು ನೋಡುತ್ತದೆ. ನ್ಯೂಟನ್ನನ ಮೂರನೇ ನಿಯಮ ಬರಿಯ ಪರೀಕ್ಷೆಯ ಪ್ರಶ್ನೆಯಲ್ಲ! ಅದನ್ನು ತಡೆಯುವುದು ಫ್ರೇಮಿನ ತುದಿಯ ಸಣ್ಣ ಸೀಳು ಮಾತ್ರ. ನಟ್ಟು ಸಡಿಲವಾಗಿದ್ದರೆ ಆಕ್ಸಲ್ ಸೀಳನ್ನು ಅಗಲಿಸಿ ತಿರುಗುತ್ತದೆ, ತಂತಿ ಹರಿಯುತ್ತದೆ, ಚಕ್ರ ಕಳಚಿಕೊಳ್ಳುತ್ತದೆ. ಮುಂದಿನ ಚಕ್ರವಾದರೆ ಸವಾರ ತಲೆಕೆಳಗಾಗಿ ಬೀಳುತ್ತಾನೆ. ಆಕ್ಸಲನ್ನು ಫ್ರೇಮಿಗೆ ಬಿಗಿಹಿಡಿಯುವ ಟಾರ್ಕ್ ಆರ್ಮ್ ಎಂಬ ಉಕ್ಕಿನ ಪಟ್ಟಿ ಹಾಕದ ಮೆಕ್ಯಾನಿಕ್ಕಿನ ಕೈಗೆ ಸೈಕಲ್ ಕೊಡದಿರುವುದೇ ಲೇಸು. ಅಲ್ಯೂಮಿನಿಯಂ ಮುಂಫೋರ್ಕಿಗಂತೂ ಮೋಟಾರು ಬೇಡವೇ ಬೇಡ. ಅದು ಬಾಗುವುದಿಲ್ಲ, ಒಡೆಯುತ್ತದೆ. ಬ್ರೇಕ್ ಮೋಟಾರಿಗಿಂತ ಮೊದಲು. ಹಳೆಯ ಸೈಕಲ್ಲಿನ ಕ್ರೋಮಿಯಂ ರಿಮ್ಮಿಗೆ ಮಳೆನೀರು ತಾಗಿದರೆ ರಬ್ಬರಿನ ಹಿಡಿತ ಎಷ್ಟು ಜಾರುತ್ತದೆಂದು ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ. ಬ್ರೇಕ್ ಹಿಡಿದ ಕೂಡಲೇ ಮೋಟಾರಿಗೆ ಕರೆಂಟು ತಪ್ಪಿಸುವ ಸ್ವಿಚ್ಚೂ ಹಿಡಿಕೆಯಲ್ಲಿ ಇರಬೇಕು. ಕಿಟ್ ಹಾಕಿಸಿದ ಸೈಕಲ್ಲೂ 250 ವ್ಯಾಟ್, 25 ಕಿ.ಮೀ. ಮಿತಿಯಲ್ಲೇ ಇರಬೇಕು. ಇದಕ್ಕೆ ಪರೀಕ್ಷೆಯ ಕಾಗದ ಇದೆಯೇ ಎಂದು ಕಿಟ್ ಮಾರುವವರನ್ನೂ ಕೇಳಬೇಕು.

ಇನ್ನೊಂದು ಬಗೆಯ ಬದಲಾವಣೆ ಪಾಲಕರಿಗೆ ಕಾಣದಂತೆ ನಡೆಯುತ್ತದೆ. ವೇಗದ ಮಿತಿ ತೆಗೆಸುವುದು. ಕೆಲವು ಕಂಟ್ರೋಲರುಗಳಲ್ಲಿ ಇದು ಐದು ನಿಮಿಷದ ಕೆಲಸ. ಹೊರಗಿನಿಂದ ಸೈಕಲ್ ಹಾಗೇ ಕಾಣುತ್ತದೆ, ಆದರೆ 40 ಓಡುತ್ತದೆ. ಮೊದಲಿನ ಲೆಕ್ಕಕ್ಕೇ ಮರಳಿದರೆ, 20ರ ವೇಗಕ್ಕೆ 100 ವ್ಯಾಟ್ ಸಾಕಾಗಿತ್ತು. 40ಕ್ಕೆ 550 ದಾಟುತ್ತದೆ, ಏಕೆಂದರೆ ಗಾಳಿಯನ್ನು ಸೀಳುವ ಶಕ್ತಿ ವೇಗ ಇಮ್ಮಡಿಯಾದಾಗ ಎಂಟು ಪಟ್ಟಾಗುತ್ತದೆ. ಅಷ್ಟು ಕರೆಂಟು ಎಳೆದರೆ ಬ್ಯಾಟರಿ ಬಿಸಿಯಾಗಿ ಬೇಗ ಸಾಯುತ್ತದೆ. ನಿಲ್ಲುವ ದೂರ ನೋಡಿ. ಒಣ ರಸ್ತೆಯಲ್ಲಿ, ಒಳ್ಳೆಯ ಬ್ರೇಕಿನಲ್ಲಿ, ಅಡ್ಡ ಬಂದ ನಾಯಿಯನ್ನು ಕಂಡು ಒಂದು ಸೆಕೆಂಡಿನಲ್ಲಿ ಬ್ರೇಕ್ ಹಿಡಿದರೂ 25ರ ವೇಗದಲ್ಲಿ ನಿಲ್ಲಲು 13 ಮೀಟರ್ ಬೇಕು, 40ರಲ್ಲಿ 26. ಸೈಕಲ್ಲಿನ ತೆಳು ಟೈರು, ಕಡ್ಡಿ, ಫೋರ್ಕುಗಳನ್ನು ಈ ವೇಗಕ್ಕೆಂದು ಮಾಡಿದ್ದಲ್ಲ.

ಕಾನೂನಿನ ದೃಷ್ಟಿಯಲ್ಲಿ ಆ ಹೊತ್ತಿಗೆ ಅದು ಸೈಕಲ್ಲೂ ಅಲ್ಲ. ನೋಂದಣಿ, ವಿಮೆ ಇಲ್ಲದ ಮೋಟಾರು ವಾಹನ. ಓಡಿಸುವವನು ಲೈಸೆನ್ಸ್ ಇಲ್ಲದ ಅಪ್ರಾಪ್ತ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 199ಎ ಕಲಮಿನಂತೆ ಅಪ್ರಾಪ್ತನ ಅಪರಾಧಕ್ಕೆ ಪಾಲಕರು ಅಥವಾ ವಾಹನದ ಮಾಲೀಕರು ಹೊಣೆ. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. 25 ಕಿಲೋಮೀಟರು, 25 ಸಾವಿರ, 25 ವರ್ಷ: ಅಂಕಿಯ ಚೋದ್ಯ! ತಮ್ಮ ಗಮನಕ್ಕೆ ಬಾರದೆ ನಡೆಯಿತೆಂದು ಸಾಬೀತು ಮಾಡಿದ ಪಾಲಕರಿಗೆ ವಿನಾಯಿತಿ ಉಂಟು. ಆದರೆ ಮಗನ ಸೈಕಲ್ ಆಟೋರಿಕ್ಷಾವನ್ನು ಹಿಂದೆ ಹಾಕುವುದನ್ನು ಕಣ್ಣಾರೆ ಕಂಡ ಮೇಲೆ ಹಾಗೆಂದು ಹೇಳುವುದು ಕಷ್ಟ. ದಾರಿಹೋಕರಿಗೆ ಪೆಟ್ಟಾದರೆ ಪರಿಹಾರವನ್ನು ಕೊಡಲು ವಿಮಾ ಕಂಪನಿ ಇರುವುದಿಲ್ಲ, ಮನೆಯವರೇ ತೆರಬೇಕಾಗುತ್ತದೆ.

ಬ್ಯಾಟರಿಯ ವಿಷಯದಲ್ಲಿ ಅಗ್ಗಕ್ಕೆ ಆಸೆಪಟ್ಟವರು ನ್ಯೂಯಾರ್ಕಿನ ಸುದ್ದಿ ತಿಳಿದಿರಬೇಕು. 2023ರಲ್ಲಿ ಆ ಒಂದೇ ನಗರದಲ್ಲಿ ಲಿಥಿಯಂ ಬ್ಯಾಟರಿಗಳಿಂದ 268 ಬೆಂಕಿ ಅನಾಹುತಗಳಾಗಿ 18 ಜನ ಸತ್ತರು. ಮನೆಮನೆಗೆ ಊಟ ತಲುಪಿಸುವ ಹುಡುಗರ ಬ್ಯಾಟರಿ ಸೈಕಲ್ಲುಗಳು ಅಲ್ಲಿ ಬಹಳ. ಪರೀಕ್ಷೆಯಾಗದ ಬ್ಯಾಟರಿ ಸೈಕಲ್ ಮಾರುವುದನ್ನೇ ಆ ನಗರ ಅದೇ ವರ್ಷದ ಸೆಪ್ಟೆಂಬರಿನಿಂದ ನಿಷೇಧಿಸಿತು. 36 ವೋಲ್ಟಿನ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಹತ್ತು ಸೆಲ್ಲುಗಳ ಸರಣಿ ಇರುತ್ತದೆ. ಒಂದು ಸೆಲ್ ಹೆಚ್ಚು ತುಂಬದಂತೆ, ಇನ್ನೊಂದು ಪೂರಾ ಬರಿದಾಗದಂತೆ ಕಾಯುವ ಸಣ್ಣ ಸರ್ಕಿಟ್ ಒಳಗಿರುತ್ತದೆ. ಹಳೆಯ ಲ್ಯಾಪ್‌ಟಾಪಿನ ಸೆಲ್ಲುಗಳನ್ನು ಬೆಸೆದು ಮಾಡಿದ ಅಗ್ಗದ ಪೆಟ್ಟಿಗೆಗಳಲ್ಲಿ ಈ ಕಾವಲುಗಾರನೇ ಇಲ್ಲದಿರಬಹುದು. ಬಂದ ಚಾರ್ಜರನ್ನೇ ಬಳಸಬೇಕು. ರಾತ್ರಿ ಎಲ್ಲರೂ ಮಲಗಿದಾಗ, ಅದೂ ಬಾಗಿಲ ಬಳಿ, ಚಾರ್ಜಿಗೆ ಇಡಬಾರದು. ಹೊತ್ತಿಕೊಂಡರೆ ಹೊರಹೋಗುವ ದಾರಿಯೇ ಮುಚ್ಚುತ್ತದೆ. ಊದಿಕೊಂಡ, ಕೆಳಗೆ ಬಿದ್ದು ಜಜ್ಜಿದ ಬ್ಯಾಟರಿಯನ್ನು ಮನೆಯೊಳಗೆ ತರಲೇಬಾರದು.

ಇನ್ನು ದಾರಿ. ಮಗನೋ ಮಗಳೋ ದಿನಾ ಹೋಗಿಬರುವ ರಸ್ತೆಯನ್ನು ಹತ್ತಿರದ್ದೆಂದು ಆರಿಸುವುದಕ್ಕಿಂತ ಲಾರಿ, ಬಸ್ಸು ಕಡಿಮೆಯಿರುವುದೆಂದು ಆರಿಸುವುದು ವಾಸಿ. ಮೋಟಾರಿನ ನೆರವಿರುವಾಗ ಒಂದು ಕಿಲೋಮೀಟರ್ ಸುತ್ತು ಭಾರವಲ್ಲ. ಹೆಲ್ಮೆಟ್ ಕಡ್ಡಾಯವಲ್ಲದಿದ್ದರೂ ತಲೆಗೆ ಬೇಕು. ಸದ್ದಿಲ್ಲದ ವಾಹನವಾದ್ದರಿಂದ ಗಂಟೆಯೂ, ಸಂಜೆ ಟ್ಯೂಷನ್ ಮುಗಿಸಿ ಬರುವವರಿಗೆ ಹಿಂದಿನ ಕೆಂಪು ದೀಪವೂ ಬೇಕು. ಮಳೆಯಲ್ಲಿ ಓಡಿಸಬಹುದು, ಆದರೆ ಮೋಟಾರು ಮುಳುಗುವಷ್ಟು ನೀರು ನಿಂತಲ್ಲಿ ಇಳಿದು ಬೇರೆ ದಾರಿ ಹಿಡಿಯಬೇಕು. ಸರ್ವಿಸ್ ಸ್ಟೇಷನ್ನಿನ ರಭಸದ ಪೈಪಿನಲ್ಲಿ ತೊಳೆಸಬಾರದು. ಕಾಲೇಜಿನಲ್ಲಿ ಬ್ಯಾಟರಿ ಕಳಚಿ ಜೊತೆಗೆ ಒಯ್ಯುವ ಅನುಕೂಲವಿದ್ದರೆ ಕಳ್ಳರ ಭಯವೂ ಬಿಸಿಲಿನ ಭಯವೂ ಕಡಿಮೆ.

ಹಣ ಕೊಡುವ ಮೊದಲು ಒಂದು ಭಾನುವಾರ ಅಂಗಡಿಯವರಿಂದ ಸೈಕಲ್ ಪಡೆದು, ಕ್ಯಾರಿಯರಿನಲ್ಲಿ ಪುಸ್ತಕ ತುಂಬಿದ ಚೀಲ ಕಟ್ಟಿ, ಮನೆಯಿಂದ ಕಾಲೇಜಿನವರೆಗೆ ಒಮ್ಮೆ ಮೋಟಾರು ಹಾಕಿ, ಬರುವಾಗ ಮೋಟಾರು ಆರಿಸಿ ತುಳಿದು ನೋಡಬೇಕು. ಪರೀಕ್ಷಿಸಲು ಕೊಡದ ಅಂಗಡಿಯಾದರೆ ಪಕ್ಕದ ಅಂಗಡಿ ಇದ್ದೇ ಇದೆ.