ಹುಳುಮನೆಯ ವಿವೇಕ

ನಮ್ಮ ವಿರೂಪಾಕ್ಷಿಪುರದ ಆಸುಪಾಸಿನ ರೈತಮನೆಗಳಲ್ಲಿ ರೇಷ್ಮೆಹುಳುವಿಗೆ ಸಲ್ಲುವ ಮರ್ಯಾದೆ ಸಾಮಾನ್ಯವಾದುದಲ್ಲ. ಎಷ್ಟೇ ಹತ್ತಿರದ ನೆಂಟನಾಗಲಿ, ಕೈಕಾಲು ತೊಳೆಯದೆ ಹುಳುಮನೆಯ ಹೊಸಿಲು ದಾಟುವಂತಿಲ್ಲ. ಹುಳು ಪೊರೆ ಕಳಚುವುದನ್ನು ನಮ್ಮ ಜನ ‘ಜ್ವರ’ವೆನ್ನುತ್ತಾರೆ. ಅದು ನಾಲ್ಕು ಜ್ವರಗಳನ್ನು ದಾಟಿ, ಹಣ್ಣಾಗಿ, ಚಂದ್ರಿಕೆಯನ್ನೇರುವವರೆಗೆ ಮನೆಮಂದಿಗೆ ನಿದ್ದೆಯಿಲ್ಲ. ಇಂತಹ ಎಚ್ಚರವುಳ್ಳ ಮನೆಗಳಿಂದಲೇ, ಕಣ್ಣು ಕೆಂಪಾಗಿ ಮೈಮೇಲೆ ದದ್ದೆದ್ದ ಮಗು, ಪಾಠ ತಪ್ಪಬಾರದೆಂಬ ಕಾರಣಕ್ಕೆ ಶಾಲೆಗೆ ಬರುವುದನ್ನು ಕಂಡು ಮರುಗಿದ್ದೇನೆ.

ಹಾಲುತೊಂಡೆಯೆಂಬ ರೋಗವನ್ನು ಅರಿಯದ ರೇಷ್ಮೆ ರೈತನಿಲ್ಲ. ಹುಳುವಿನ ಮೈ ಉಬ್ಬಿ ಹೊಳೆಯುತ್ತದೆ. ಅದು ಸೊಪ್ಪನ್ನು ತೊರೆದು ಅಂಚಿನಲ್ಲಿ ಅಲೆಯುತ್ತದೆ. ಕೊನೆಗೆ ಚರ್ಮ ಒಡೆದು ಹಾಲಿನಂತಹ ದ್ರವ ಸೋರುತ್ತದೆ. ಆ ದ್ರವ ತಾಗಿದ ಸೊಪ್ಪನ್ನು ತಿಂದ ಹುಳುಗಳಿಗೂ ಅದೇ ಗತಿ. ಇದು ವೈರಸ್‌ನಿಂದ ಬರುವ ವ್ಯಾಧಿ. ಬಂದ ಮೇಲೆ ಮದ್ದಿಲ್ಲವೆಂದು ಬಲ್ಲ ರೈತನು ರೋಗದ ಹುಳುವನ್ನು ಆರಿಸಿ ತೆಗೆಯುತ್ತಾನೆ, ಸುಣ್ಣ ಚೆಲ್ಲುತ್ತಾನೆ, ಬ್ಲೀಚಿಂಗ್ ಪುಡಿಯ ನೀರಿನಿಂದ ಮನೆಯನ್ನು ಶುದ್ಧಿಗೊಳಿಸುತ್ತಾನೆ.

‘ವೈರಸ್’ ಲ್ಯಾಟಿನ್ ಶಬ್ದ, ಅರ್ಥ ವಿಷ. ಸಂಸ್ಕೃತದ ‘ವಿಷ’ ಶಬ್ದಕ್ಕೆ ಅದು ಜ್ಞಾತಿಯೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಜೀವಕೋಶವನ್ನು ಹೊಕ್ಕಲ್ಲದೆ ಅದು ವೃದ್ಧಿಯಾಗಲಾರದು. ಆದುದರಿಂದ ಅದು ಹೊಕ್ಕುವ ದಾರಿಯನ್ನು ಅರಿತು ಮುಚ್ಚುವುದೇ ಜಾಣತನ. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಆಂಟಿಬಯಾಟಿಕ್ ಮಾತ್ರೆಗೆ ವೈರಸ್ ಮಣಿಯುವುದಿಲ್ಲ.

ದಡಾರದ ದಾರಿ ಗಾಳಿ. ಜ್ವರ, ಕೆಮ್ಮು, ನೆಗಡಿ, ಕೆಂಗಣ್ಣು ಮೊದಲು, ದದ್ದು ಅನಂತರ. ದದ್ದು ಮೂಡುವ ನಾಲ್ಕು ದಿನ ಮುಂಚಿನಿಂದ ಮೂಡಿದ ನಾಲ್ಕು ದಿನದವರೆಗೂ ಅದು ಪರರಿಗೆ ಅಂಟುತ್ತದೆ. ರೋಗಿ ಹೊರಟುಹೋದ ಕೋಣೆಯ ಗಾಳಿಯಲ್ಲಿ ಎರಡು ಗಂಟೆಯವರೆಗೂ ಉಳಿಯಬಲ್ಲದು. ಕಾಮಾಲೆ ತರುವ ಹೆಪಟೈಟಿಸ್ ‘ಎ’ ಕೆಟ್ಟ ನೀರು, ಅಶುಚಿಯಾದ ಆಹಾರಗಳಿಂದ ಬರುತ್ತದೆ. ಡೆಂಗ್ಯೂವಿನ ವಾಹನ ಹಗಲು ಕಚ್ಚುವ ಈಡಿಸ್ ಸೊಳ್ಳೆ. ಮುಚ್ಚಳವಿಲ್ಲದ ತೊಟ್ಟಿಯ ತಿಳಿನೀರೇ ಅದರ ತೊಟ್ಟಿಲು. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರವು ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಹುಳು ಜ್ವರದಿಂದೆದ್ದರೆ ರೈತನಿಗೆ ನೆಮ್ಮದಿ. ಡೆಂಗ್ಯೂವಿನಲ್ಲಾದರೋ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಆಗ ತೀವ್ರ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಸಾಗಬೇಕು. ಹುಚ್ಚುನಾಯಿ ರೋಗವಂತೂ ಲಕ್ಷಣ ತೋರಿದ ಮೇಲೆ ಬಹುತೇಕ ಮಾರಕವೇ. ಕಚ್ಚಿದೊಡನೆ ಹದಿನೈದು ನಿಮಿಷ ಸೋಪು, ಹರಿಯುವ ನೀರಿನಿಂದ ಗಾಯ ತೊಳೆದು, ಆ ದಿನವೇ ಲಸಿಕೆಗೆ ತೆರಳಬೇಕು.

ದಡಾರವನ್ನು ‘ಅಮ್ಮ’ನೆಂದು ಭಾವಿಸುವ ಹಿರಿಯರ ಭಕ್ತಿಯನ್ನು ನಾನು ಹೀಗಳೆಯುವವನಲ್ಲ. ಮಗುವನ್ನು ಬೇರೆಯಾಗಿ ಮಲಗಿಸಿ, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಪರರು ಬಾರದಂತೆ ತಡೆದ ವಾಡಿಕೆಯಲ್ಲಿ ವಿವೇಕವೇ ಇದೆ. ಆದರೆ ಭಕ್ತಿಯ ನೆಪದಲ್ಲಿ ವೈದ್ಯರನ್ನೂ ಲಸಿಕೆಯನ್ನೂ ದೂರವಿಡುವುದು ಸಲ್ಲದು. ಲಸಿಕೆಯ ಬಲದಿಂದಲೇ ಸಿಡುಬು ಭಾರತದಲ್ಲಿ 1975ರಲ್ಲಿ ಕೊನೆಗಂಡಿತು. ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಅದು ಭೂಮಿಯಿಂದಲೇ ತೊಲಗಿತೆಂದು ಸಾರಿತು. 2014ರಲ್ಲಿ ನಮ್ಮ ದೇಶ ಪೋಲಿಯೋಮುಕ್ತವೆನಿಸಿತು. ದಡಾರದ ಲಸಿಕೆಯೂ ಒಂಬತ್ತು ತಿಂಗಳಿಗೊಮ್ಮೆ, ಅನಂತರ ಒಂದೂಕಾಲು ವರ್ಷ ದಾಟಿದ ಮೇಲೆ ಮತ್ತೊಮ್ಮೆ, ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತದೆ.

ಆದುದರಿಂದ ನನ್ನ ಬಿನ್ನಹವಿಷ್ಟು. ಅಧ್ಯಾಪಕ ಮಿತ್ರರು ಪ್ರವೇಶದ ಸಮಯದಲ್ಲಿ ಮಗುವಿನ ಲಸಿಕೆ ಚೀಟಿಯನ್ನೂ ನೋಡಲಿ. ರೋಗದಿಂದ ಮನೆಯಲ್ಲುಳಿದ ಮಗುವಿನ ಗೈರುಹಾಜರಿಯನ್ನು ಅಪರಾಧವೆಂದೆಣಿಸದೆ, ತಪ್ಪಿದ ಪಾಠವನ್ನು ಮತ್ತೆ ಹೇಳಿಕೊಡಲಿ. ಹಾಗಾದರೆ ತಾಯ್ತಂದೆಗಳು ಮಗುವನ್ನು ಜ್ವರದಲ್ಲಿ ಕಳುಹಿಸಲಾರರು. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಕಟ್ಟಡಕ್ಕೆ ಹೆಸರು ಕೆತ್ತಿಸುವ ಮುನ್ನ, ಪ್ರಸಾದನಿಲಯದ ಊಟದ ಮನೆಯ ಬಳಿ ನಾಲ್ಕು ನಲ್ಲಿ, ಸೋಪು, ತೊಟ್ಟಿಗೊಂದು ಭದ್ರವಾದ ಮುಚ್ಚಳವನ್ನು ಒದಗಿಸಲಿ. ನೂರಾರು ಮಕ್ಕಳು ಒಂದೇ ಪಂಕ್ತಿಯಲ್ಲಿ ಉಣ್ಣುವ ಮನೆಯಲ್ಲಿ ಇದೂ ದಾಸೋಹವೇ.

ದೇಹವನ್ನು ದೇವಾಲಯವೆಂದು ಕಂಡ ಶರಣ ಪರಂಪರೆ ನಮ್ಮದು. ಗೂಡಿಗೆ ಬೆಲೆ ಕಟ್ಟಲು ರಾಮನಗರದ ಮಾರುಕಟ್ಟೆಯಿದೆ; ಮಗುವಿಗೆ ಬೆಲೆ ಕಟ್ಟುವವರಾರು? ಹುಳುವಿಗೆ ತೋರುವ ಎಚ್ಚರದ ಅರ್ಧವನ್ನಾದರೂ ನಮ್ಮ ಮಕ್ಕಳಿಗೆ ತೋರೋಣ.