ಚಹಾ ಮಾಡುವವನ ಚಹಾ

ಬೆಳಗಿನ ಐದು ಗಂಟೆಯಿಂದ ರಾತ್ರಿ ಬಾಗಿಲೆಳೆಯುವವರೆಗೆ ಹೊಟೇಲಿನ ಚಹಾದ ಒಲೆಯ ಮುಂದೆ ನಿಂತವನು ಪರರ ನಾಲಗೆಯನ್ನೆಲ್ಲ ಬಾಯಿಪಾಠ ಮಾಡಿಕೊಂಡಿರುತ್ತಾನೆ. ಮೂಲೆಯ ಮೇಜಿನವರಿಗೆ ಸಕ್ಕರೆ ಬೇಡ, ಬ್ಯಾಂಕಿನ ಗುಮಾಸ್ತರಿಗೆ ನೀರು ಕಡಿಮೆ, ಹಾಲು ಹೆಚ್ಚು, ಟ್ಯಾಕ್ಸಿಯವರಿಗೆ ಕಡಕ್, ಮತ್ತೊಬ್ಬರ ಎದುರಿಗೆ ಶುಂಠಿಯ ಹೆಸರೆತ್ತಕೂಡದು. ಇಷ್ಟೆಲ್ಲವನ್ನೂ ನೆನಪಿಟ್ಟವನನ್ನು ‘ನಿನಗೆ ಹೇಗೆ ಬೇಕು?’ ಎಂದು ಕೇಳಿದವರೆಷ್ಟು ಮಂದಿ? ಚಹಾವನ್ನು ಹೇಗೆ ಕಾಸಬೇಕು, ಚಾಕೊಲೇಟನ್ನು ಎಲ್ಲಿಡಬೇಕು ಎಂಬಂಥ ಸಣ್ಣ ಸಂಗತಿಗಳನ್ನು ನಾವಿಂದು ಎತ್ತಿಕೊಂಡಿರುವುದು ಈ ಪ್ರಶ್ನೆಯ ನಿಮಿತ್ತವಾಗಿಯೇ.

ಚಹಾಕ್ಕೆ ಶಾಸ್ತ್ರಕಾರರ ಬರವಿಲ್ಲ. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಹೆಸರಾದ ಲೇಖಕ ಜಾರ್ಜ್ ಆರ್ವೆಲ್ 1946ರ ಜನವರಿಯಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಇದಕ್ಕೆ 11 ನಿಯಮಗಳನ್ನು ವಿಧಿಸಿದನು. ಎಲೆ ಟೀಪಾಟಿನಲ್ಲಿರಬೇಕು, ಕುದಿಯುವ ನೀರು ಅದರ ಮೇಲೆ ಬೀಳಬೇಕು, ಹಾಲು ಆಮೇಲೆ, ಸಕ್ಕರೆ ಕೂಡದೇ ಕೂಡದು. 1980ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯೂ ಒಂದು ವಿಧಿಯನ್ನು ಹೊರಡಿಸಿತು: 100 ಮಿಲಿಲೀಟರ್ ಕುದಿನೀರಿಗೆ 2 ಗ್ರಾಂ ಎಲೆ, 6 ನಿಮಿಷದ ಕಾಲ. ಇದು ಒಂದು ಚಹಾವನ್ನು ಇನ್ನೊಂದರೊಡನೆ ಹೋಲಿಸಿ ರುಚಿ ನೋಡುವ ಪರೀಕ್ಷಕರ ಸಲುವಾಗಿ ಹುಟ್ಟಿದ ವಿಧಿಯೇ ಹೊರತು ಕುಡಿದು ಸುಖಪಡುವವರಿಗಾಗಿ ಅಲ್ಲ. ಆದರೂ ಇಂಥವನ್ನು ಓದಿದ ನಮ್ಮ ಕೆಲವು ಗುಮಾಸ್ತ ಮಿತ್ರರು ಹೊಟೇಲಿನ ಕುದಿಸಿದ ಚಹಾವನ್ನು ಕಂಡು ಮೂಗು ಮುರಿಯುವುದುಂಟು. ಹಾಲು, ನೀರು, ಪುಡಿ, ಸಕ್ಕರೆಗಳನ್ನು ಒಂದೇ ಪಾತ್ರೆಗೆ ಸುರಿದು ಕುದಿಸುವುದು ಹಳ್ಳಿಗಾಡಿನ ಪದ್ಧತಿಯೆಂದು ಅವರ ಮತ.

ಈ ಮತವನ್ನು ನಾವು ಒಪ್ಪಲಾರೆವು. ಟೀಪಾಟಿನ ಶಾಸ್ತ್ರ ಉದ್ದ ಎಲೆಯ ಚಹಾಕ್ಕೆ ಹುಟ್ಟಿದ್ದು. ದಾರ್ಜಿಲಿಂಗಿನ ಎಲೆಯನ್ನು ಹಾಲಿನಲ್ಲಿ ಕುದಿಸುವುದು ಮಲ್ಲಿಗೆಯನ್ನು ಬೇಯಿಸಿದಂತೆಯೇ ಸರಿ. ಆದರೆ ನಮ್ಮ ಹೊಟೇಲುಗಳ ಡಬ್ಬಿಯಲ್ಲಿರುವುದು ಸಿ.ಟಿ.ಸಿ. ಪುಡಿ, 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಬಳಕೆಗೆ ಬಂದ ಯಂತ್ರದಲ್ಲಿ ಎಲೆಯನ್ನು ಜಜ್ಜಿ, ಹರಿದು, ಸುರುಳಿಸಿ ಮಾಡಿದ ಕಾಳು. ಅದು ಬಣ್ಣವನ್ನೂ ಒಗರನ್ನೂ ಬೇಗ ಬಿಡುತ್ತದೆ, ಬಹಳವಾಗಿಯೂ ಬಿಡುತ್ತದೆ. ಆ ಒಗರನ್ನು ಹಾಲಿನ ಸಸಾರಜನಕ ಕಟ್ಟಿ ಹಾಕುತ್ತದೆ; ಆದುದರಿಂದಲೇ ಅಷ್ಟು ಕಡಕ್ಕಾದ ಕಷಾಯವೂ ಹಾಲಿನೊಡನೆ ಮೃದುವಾಗಿ ಇಳಿಯುತ್ತದೆ. ಅಂದಮೇಲೆ ನಮ್ಮವರು ಕುದಿಸುವುದು ಅಜ್ಞಾನದಿಂದಲ್ಲ. ಕೈಗೆ ಸಿಕ್ಕ ಪುಡಿಗೆ ಯಾವುದು ತಕ್ಕದೋ ಅದನ್ನು ಅವರು ಕಂಡುಕೊಂಡರು, ಅದೂ ಯಾವ ಪ್ರಯೋಗಶಾಲೆಯ ನೆರವೂ ಇಲ್ಲದೆ.

ಊರೂರಿನ ರುಚಿ ಬೇರೆಯಾಗಿರುವುದಕ್ಕೂ ಇಂಥ ಕಾರಣಗಳೇ ಇವೆ. ಹೈದರಾಬಾದಿನ ಇರಾನಿ ಅಂಗಡಿಯಲ್ಲಿ ಕಷಾಯವನ್ನು ಮುಚ್ಚಿಟ್ಟು ಸಣ್ಣ ಉರಿಯಲ್ಲಿ ಬೇಯಿಸಿ, ಹಾಲನ್ನು ಬೇರೆಯಾಗಿ ಬತ್ತಿಸಿ, ಲೋಟದಲ್ಲಿ ಕೂಡಿಸುತ್ತಾರೆ. ಪುಣೆಯ ಅಮೃತತುಲ್ಯದವರು ಹಿತ್ತಾಳೆಯ ಪಾತ್ರೆಯಲ್ಲಿ ಏಲಕ್ಕಿ, ಶುಂಠಿಗಳೊಡನೆ ಎಲ್ಲವನ್ನೂ ಒಟ್ಟಿಗೆ ಕುದಿಸುತ್ತಾರೆ. ದಿಲ್ಲಿಯ ಚಳಿಗೆ ಶುಂಠಿಯಿಲ್ಲದೆ ನಡೆಯದು. ನೀರಿನ ಮಹಿಮೆಯನ್ನಂತೂ ಊರು ಬಿಟ್ಟು ಊರಿಗೆ ವರ್ಗವಾದ ಗುಮಾಸ್ತರನ್ನೇ ಕೇಳಬೇಕು. ಮುಂಬಯಿಯ ನಲ್ಲಿಯಲ್ಲಿ ಬರುವುದು ಕೆರೆಗಳ ಮೆದು ನೀರು. ಚೆನ್ನೈಯ ಕೊಳವೆಬಾವಿಯ ನೀರು ಗಡಸು. ಅದೇ ಪುಡಿ, ಅದೇ ಕೈ. ಆದರೂ ಅಲ್ಲಿ ಚಹಾದ ಮೇಲೆ ತೆಳ್ಳನೆಯ ಪೊರೆ ಕಟ್ಟಿ ರುಚಿ ಮಂಕಾಗುತ್ತದೆ. ಹೆಂಡತಿಯ ಕೈಗುಣ ಕೆಟ್ಟಿತೆಂದು ಗೊಣಗುವ ಮುನ್ನ ನೀರನ್ನು ವಿಚಾರಿಸುವುದು ಲೇಸು.

ಇನ್ನು ಚಾಕೊಲೇಟು. ನಮ್ಮ ವಾಚಕರಲ್ಲಿ ತಾವೇ ತಿನ್ನುವುದಕ್ಕೆಂದು ಅದನ್ನು ಕೊಳ್ಳುವವರು ಕಡಿಮೆ. ಊರಿನ ಮಕ್ಕಳಿಗೆಂದು ಕೊಂಡು ರಜೆ ಸಿಗುವವರೆಗೆ ಕಾಪಾಡುವವರೇ ಹೆಚ್ಚು. ಕಾಪಾಡುವುದೆಲ್ಲಿ? ಟ್ರಂಕಿನಲ್ಲಿ. ಅದೇ ಟ್ರಂಕಿನಲ್ಲಿ ಬಟ್ಟೆಗೆಂದು ಹಾಕಿದ ನುಸಿಗುಳಿಗೆಯೂ ಇರುತ್ತದೆ! ಚಾಕೊಲೇಟಿನ ಕೊಬ್ಬು ಸುತ್ತಲಿನ ವಾಸನೆಯನ್ನೆಲ್ಲ ಹೀರಿಕೊಳ್ಳುವಂಥದು. ಮಗು ಕಟ್ಟು ಬಿಚ್ಚಿ ಬಾಯಿಗಿಟ್ಟು ಮುಖ ಕಿವುಚಿದರೆ ತಪ್ಪು ಮಗುವಿನದಲ್ಲ.

ಪುಸ್ತಕಗಳನ್ನು ನೋಡಿದರೆ ಚಾಕೊಲೇಟನ್ನು ರೆಫ್ರಿಜರೇಟರಿನಲ್ಲಿಡಬೇಡಿ, ತಂಪಾದ ಕಪಾಟಿನಲ್ಲಿಡಿ ಎಂದಿರುತ್ತದೆ. 15ರಿಂದ 18 ಡಿಗ್ರಿಯ ತಂಪು ಉತ್ತಮವೆಂದೂ ಇರುತ್ತದೆ. ಚಳಿಯ ದೇಶದ ಕಪಾಟಿನ ಮಾತದು. ಕೊಕ್ಕೊ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ. ನಾಲಗೆಯ ಮೇಲೆ ಅದು ಹಿತವಾಗಿ ಕರಗುವ ಗುಟ್ಟು ಇದೇ, ಮೇ ತಿಂಗಳ ಮುಂಬಯಿಯ ಅಟ್ಟದಲ್ಲಿ ಅದು ಉಳಿಯದಿರುವುದಕ್ಕೂ ಕಾರಣ ಇದೇ. ಒಮ್ಮೆ ಮೆದುವಾಗಿ ಮತ್ತೆ ಗಟ್ಟಿಯಾದರೆ ಮೈಮೇಲೆ ಬೂದು ಬಣ್ಣದ ಪೊರೆ ಏಳುತ್ತದೆ. ಊರಿನಲ್ಲಿ ಅದನ್ನು ಬೂಷ್ಟೆಂದು ತಿಳಿದು ಎಸೆಯುವವರಿದ್ದಾರೆ. ಅದು ಬೂಷ್ಟಲ್ಲ, ಕೊಬ್ಬು ಮೇಲೆ ಬಂದು ಹರಳುಗಟ್ಟಿದ್ದು ಮಾತ್ರ. ರುಚಿ ಸ್ವಲ್ಪ ಕೆಟ್ಟೀತು, ತಿಂದವರಿಗೆ ಏನೂ ಆಗದು.

ನಮ್ಮ ಕಡೆಯ ಸೆಕೆಯಲ್ಲಿ ರೆಫ್ರಿಜರೇಟರಿಗೆ ಶರಣಾಗುವುದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ಬಿಗಿಯಾದ ಡಬ್ಬಿಯಲ್ಲಿ ಹಾಕಿಡಬೇಕು. ಇಲ್ಲವಾದರೆ ಈರುಳ್ಳಿ, ಇಂಗುಗಳ ವಾಸನೆ ತಪ್ಪದು. ತೆಗೆದೊಡನೆ ಬಿಚ್ಚದೆ ಡಬ್ಬಿಯಲ್ಲಿಯೇ ಸ್ವಲ್ಪ ಹೊತ್ತು ಹೊರಗಿಡಬೇಕು. ಇಲ್ಲವಾದರೆ ಗಾಳಿಯ ತೇವ ಅದರ ಮೇಲೆ ಹನಿಗಟ್ಟಿ ಸಕ್ಕರೆಯನ್ನು ಕರಗಿಸಿ ಮೈಯನ್ನು ಒರಟಾಗಿಸುತ್ತದೆ. ತಣ್ಣಗೆ ಕಲ್ಲಿನಂತಿರುವಾಗಲೇ ಕಡಿಯುವುದು ಕೆಲವರಿಗೆ ಇಷ್ಟ. ನಮಗಂತೂ ಅದರಲ್ಲಿ ರುಚಿ ಕಾಣದು. ಆದರೆ ಹಲ್ಲು ಅವರವರದು.

ಇದರಲ್ಲೊಂದು ವಿಪರ್ಯಾಸವೂ ಉಂಟು. 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಕ್ಯಾಂಪ್ಕೊ ಸಹಕಾರ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನು ತೆರೆಯಿತು. ಅಡಕೆ ತೋಟದ ನೆರಳಿನಲ್ಲಿ ಬೆಳೆಯುವ ಕೊಕ್ಕೊ ಗಿಡಕ್ಕೆ ಕರಾವಳಿಯ ಸೆಕೆ, ತೇವಗಳೆಂದರೆ ಪ್ರಾಣ. ಅದರ ಬೀಜದಿಂದಾದ ತಿನಿಸಿಗೆ ಅವೆರಡೂ ಶತ್ರು. ನಮ್ಮವರು ಊರಿನ ತೋಟದಲ್ಲಿ ಹುಟ್ಟಿದ್ದನ್ನೇ ಮುಂಬಯಿಯಲ್ಲಿ ಕೊಂಡು ಊರಿಗೆ ಹೊರುವುದೂ ಉಂಟು. ಕೊಂಕಣ ರೈಲು 1998ರಲ್ಲಿ ಉದ್ದಕ್ಕೂ ಓಡತೊಡಗಿದ ಮೇಲೆ ದಾರಿ ಕಿರಿದಾಯಿತು, ಮೇ ತಿಂಗಳ ಸೆಕೆ ಕಿರಿದಾಗಲಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕೆಲವು ಹೊಟೇಲುಗಳಲ್ಲಿ ‘ಸ್ಟಾಫ್ ಚಹಾ’ ಎಂಬುದೊಂದುಂಟು. ಗಿರಾಕಿಗಳಿಗೆಂದು ಕುದಿಸಿ ಸೋಸಿದ ಚರಟಕ್ಕೆ ಮತ್ತೆ ನೀರೆರೆದು, ಹಾಲಿನ ಹೆಸರು ಹೇಳಿ, ಸಕ್ಕರೆ ಜಾಸ್ತಿ ಸುರಿದು ಕೊಡುವ ದ್ರವವೇ ಅದು. ಸಿ.ಟಿ.ಸಿ. ಪುಡಿ ತನ್ನ ಸಾರವನ್ನೂ ಪರಿಮಳವನ್ನೂ ಮೊದಲ ಕುದಿಯಲ್ಲಿಯೇ ಕೊಟ್ಟುಬಿಡುತ್ತದೆ. ಎರಡನೆಯ ಮೂರನೆಯ ಕುದಿಗೆ ಉಳಿಯುವುದು ಕಹಿ ಮಾತ್ರ. ಒಲೆಯ ಮುಂದಿರುವವನಿಗೆ ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಆ ಲೋಟವನ್ನು ಅವನು ತನಗೂ ಪಾತ್ರೆ ತೊಳೆಯುವ ಹುಡುಗನಿಗೂ ಬಗ್ಗಿಸಿಕೊಳ್ಳಬೇಕು.

ಖರ್ಚಿನ ಮಾತೆತ್ತುವ ಮಾಲಿಕರಿಗೆ ನಾವು ಲೆಕ್ಕವನ್ನೇ ಒಪ್ಪಿಸುತ್ತೇವೆ. 100 ಮಿಲಿಲೀಟರಿನ ಲೋಟಕ್ಕೆ 2.5 ಗ್ರಾಂ ಪುಡಿ ಧಾರಾಳವಾಯಿತು. 10 ಮಂದಿ ಕೆಲಸಗಾರರಿಗೆ ದಿನಕ್ಕೆರಡು ಸಲವೆಂದರೆ 20 ಲೋಟ. ಪುಡಿ 50 ಗ್ರಾಂ, ಅರ್ಧಕ್ಕರ್ಧ ಹಾಲೆಂದರೆ 1 ಲೀಟರ್. ತಿಂಗಳಿಗೆ ಒಂದೂವರೆ ಕಿಲೋ ಪುಡಿಯಿಂದ ದಿವಾಳಿಯೆದ್ದ ಹೊಟೇಲನ್ನು ನಾವಿನ್ನೂ ಕಂಡಿಲ್ಲ. ಆ 20 ಲೋಟವೂ ಹೊಸ ಪುಡಿಯದಾಗಿರಲಿ; ಶುಂಠಿ ಬೇಕೆನ್ನುವವನಿಗೆ ಶುಂಠಿ, ಬೇಡವೆನ್ನುವವನಿಗೆ ಬೇಡ. ಜೊತೆಗೆ ರೆಫ್ರಿಜರೇಟರಿನ ಒಂದು ಮೂಲೆಯಲ್ಲಿ ಕೆಲಸಗಾರರ ಡಬ್ಬಿಗೂ ಜಾಗವಿರಲಿ. ಊರಿಗೆ ಹೋಗುವ ದಿನ ಹತ್ತಿರ ಬಂದಾಗ ಅದರಲ್ಲಿ ನಾಲ್ಕು ಚಾಕೊಲೇಟು ಇಡಬಹುದು.

ಒಬ್ಬೊಬ್ಬರ ರುಚಿಯನ್ನೂ ನೋಡುತ್ತ ಕುಳಿತರೆ ವ್ಯಾಪಾರ ನಡೆಯುವುದೆಂತು ಎಂದು ಕೇಳುವವರುಂಟು. ಗಿರಾಕಿಯ ರುಚಿಯನ್ನು ನೋಡಿಯೇ ಅಲ್ಲವೆ ವ್ಯಾಪಾರ ಬೆಳೆದದ್ದು? ಇಂದಿನ ಮಾಲಿಕರಲ್ಲಿ ಲೋಟ ತೊಳೆದೇ ಮೇಲೆ ಬಂದವರು ಹಲವರಿದ್ದಾರೆ. ಆಗ ತಮಗೆ ಸಿಗುತ್ತಿದ್ದ ಚಹಾ ಎಂಥದಾಗಿತ್ತೆಂಬುದನ್ನು ಅವರು ಮರೆತಿರಲಾರರು. ಇದಕ್ಕೆ ಸಭೆ, ಠರಾವುಗಳ ಅಗತ್ಯವಿಲ್ಲ. ನಾಳೆ ಬೆಳಗಿನ ಮೊದಲ ಪಾತ್ರೆಯಿಂದಲೇ ಆರಂಭಿಸಬಹುದು.