ಮನೆ ಕಂದಾಯ ಏರಿಸ್ಲಿ, ಲೆಕ್ಕಾನೂ ನಮ್ಮ ಮುಂದೆ ಇಡ್ಲಿ

ಏಪ್ರಿಲ್ ಬಂತು ಅಂದ್ರೆ ನಮ್ಮ ಬೀದೀಲಿ ಎರಡೇ ಮಾತು. ಒಂದು ಮಾವಿನಕಾಯಿ ಉಪ್ಪಿನಕಾಯಿ, ಇನ್ನೊಂದು ಮನೆ ಕಂದಾಯ. ಏಪ್ರಿಲ್ 30ರೊಳಗೆ ಕಟ್ಟಿದ್ರೆ ನೂರಕ್ಕೆ ಐದು ರೂಪಾಯಿ ಬಿಡ್ತಾರೆ. ಮೇ, ಜೂನ್‌ನಲ್ಲಿ ಇದ್ದಷ್ಟು ಕಟ್ಬೇಕು. ಜುಲೈ ಆಯ್ತು ಅಂದ್ರೆ ತಿಂಗಳಿಗೆ ನೂರಕ್ಕೆ ಎರಡರಂತೆ ದಂಡ. "ಮತ್ತೆ ಏರಿಸವ್ರಂತೆ ಕಣಕ್ಕಾ" ಅಂತ ಓರಗಿತ್ತಿ ಫೋನ್ ಮಾಡಿದ್ಲು. ನಾನು ಹೇಳೋದು ನಿಮ್ಮಲ್ಲಿ ಕೆಲವರಿಗೆ ಹಿಡಿಸ್ದೇ ಹೋಗಬಹುದು: ಏರಿಸೋದೇ ತಪ್ಪು ಅನ್ನೋರ ಗುಂಪಿಗೆ ನಾನು ಸೇರಲ್ಲ.

ಯಾಕಂದ್ರೆ ನಾವು ಎರಡನೇ ಕಂದಾಯ ಒಂದನ್ನ ಆಗ್ಲೇ ಕಟ್ತಾ ಇದೀವಿ, ಅದಕ್ಕೆ ರಸೀದಿ ಇಲ್ಲ ಅಷ್ಟೇ. ನಲ್ಲೀಲಿ ನೀರು ಬರದ ವಾರ ಟ್ಯಾಂಕರ್‌ಗೆ ಕೊಡೋದು, ಕುಡಿಯೋಕೆ ಕ್ಯಾನ್ ತರೋದು, ಚರಂಡಿ ಕಟ್ಕೊಂಡಾಗ ನಾವೇ ದುಡ್ಡು ಸೇರಿಸಿ ಆಳು ಕರೆಸೋದು, ಸೊಳ್ಳೆ ಬತ್ತಿ, ಅದರ ಮೇಲೆ ಮಕ್ಕಳ ಜ್ವರಕ್ಕೆ ಡಾಕ್ಟರ ಫೀಜು. ಒಂದು ವರ್ಷದ್ದು ಅಡುಗೆಮನೆ ಕ್ಯಾಲೆಂಡರ್ ಹಿಂದೆ ಬರೆದಿಟ್ಟು ಕೂಡಿ ನೋಡಿ. ನಮ್ಮನೇಲಿ ಅದು ಕಂದಾಯಕ್ಕಿಂತ ಜಾಸ್ತಿ ಬಂತು. ತಿಪಟೂರಿಗೆ ಈಚನೂರು ಕೆರೆಯಿಂದ ನೀರು ಬರುತ್ತೆ, ಆ ಕೆರೆಗೆ ಹೇಮಾವತಿ ನಾಲೆ. ಅಲ್ಲಿಂದ ನಮ್ಮ ಸಂಪಿಗೆ ನೀರು ತರೋಕೆ ಪೈಪು, ಮೋಟ್ರು, ಕರೆಂಟು, ನೀರು ಬಿಡೋರ ಸಂಬಳ, ಎಲ್ಲಕ್ಕೂ ದುಡ್ಡು ಬೇಕೇ ಬೇಕು.

ಆದ್ರೆ ಏರಿಸೋ ಕ್ರಮ ನೋಡಿ. ಮೊದಲು ಮೂರು ವರ್ಷಕ್ಕೊಂದ್ಸಲ ಏರಿಸೋರು. 2021-22ರಿಂದ ಕಂದಾಯಾನ ಸಬ್‌ರಿಜಿಸ್ಟ್ರಾರ್ ಆಫೀಸಿನ ಮಾರ್ಗಸೂಚಿ ದರಕ್ಕೆ ಗಂಟು ಹಾಕಿದ್ರು. ಜತೆಗೆ ವರ್ಷಕ್ಕೆ ನೂರಕ್ಕೆ ಮೂರರಿಂದ ಐದರವರೆಗೆ ಏರಿಸ್ಬೇಕು ಅಂತ ಕಾನೂನು. ನಮ್ಮ ಕೌನ್ಸಿಲರುಗಳು ಬೇಡ ಅಂದ್ರೂ ಪೂರ್ತಿ ತಪ್ಪಿಸೋಕಾಗಲ್ಲ. ಕಂದಾಯಕ್ಕೆ ಕನಿಷ್ಠ ದರ ಗೊತ್ತುಮಾಡಿ, ವಸೂಲಿ ವರ್ಷವರ್ಷ ಹೆಚ್ಚಾಗ್ಲಿ, ಆಗ್ಲೇ ಅನುದಾನ ಅಂತ 15ನೇ ಹಣಕಾಸು ಆಯೋಗದ ಷರತ್ತೂ ಇತ್ತು. ಅದರ ಮೇಲೆ 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಮಾರ್ಗಸೂಚಿ ದರಾನೂ ಏರಿಸಿದ್ರು.

ನಮ್ಮ ಚಿಕ್ಕಮ್ಮ ಒಬ್ಬರು ಪೇಟೆ ಬೀದೀಲಿ ಹಳೇ ಹೆಂಚಿನ ಮನೇಲಿ ಒಬ್ಬರೇ ಇದಾರೆ. ಬೀದಿ ಬೆಲೆ ಏರಿದೆ, ಸರಿ. ಅವರು ಮನೆ ಮಾರ್ತಾರಾ? ಇಲ್ಲ. ಅವರ ಕೈಗೆ ಬರೋದು ವಿಧವಾ ಪಿಂಚಣಿ, ಆಮೇಲೆ ಅಟ್ಟದ ಮೇಲಿನ ನಾಲ್ಕು ಮೂಟೆ ಕೊಬ್ರಿ. ಕೊಬ್ರಿ ಕಥೆ ನಿಮಗೆ ಗೊತ್ತೇ ಐತೆ. 2023ರಲ್ಲಿ ಉಂಡೆ ಕೊಬ್ರಿ ಬೆಂಬಲ ಬೆಲೆ ಕ್ವಿಂಟಾಲ್‌ಗೆ 11,750 ಅಂತಿದ್ರೂ ಮಾರ್ಕೆಟ್‌ನಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಕೂಗ್ತಿದ್ರು. ಆ ವರ್ಷ ಕಂದಾಯವೇನೂ ಇಳೀಲಿಲ್ಲ. ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲೇ ಒಣಗ್ಬೇಕು, ಗಿಟುಕಾಗ್ಬೇಕು, ಸುಲೀಬೇಕು, ಆಮೇಲೆ ದುಡ್ಡು. ಏಪ್ರಿಲ್ 30 ಅದಕ್ಕೆ ಕಾಯುತ್ತಾ? ಒಂಟಿ ಹೆಂಗಸರು ತಾವೇ ವಾಸ ಇರೋ ಹಳೇ ಮನೆಗೆ ಏರಿಕೆ ಕಡಿಮೆ ಇರೋ ಹಂಗೆ ಮಾಡ್ಬೇಕು ಅನ್ನೋದು ನನ್ನ ಮಾತು. ಅದರ ಬದಲು ಖಾಲಿ ಸೈಟು ಬಿಟ್ಕೊಂಡು ಬೆಲೆ ಏರ್ಲಿ ಅಂತ ಕಾಯೋರಿಂದ ಸರಿಯಾಗಿ ವಸೂಲು ಮಾಡ್ಲಿ. ಆ ಸೈಟಿನ ಗಿಡಗಂಟಿ, ಹಾವು, ಕಸ ಎಲ್ಲಾ ಪಕ್ಕದ ಮನೆ ನಮ್ಮ ಪಾಲಿಗೇ ತಾನೆ.

ಇನ್ನೊಂದು, ಚಲನ್ನು ಪೂರ್ತಿ ಓದಿ ಕಣ್ರಮ್ಮ. ಕಂದಾಯದ ಮೇಲೆ ಆರೋಗ್ಯ ಕರ 15, ಗ್ರಂಥಾಲಯ ಕರ 6, ಭಿಕ್ಷುಕರ ಕರ 3. ಸಾವಿರ ರೂಪಾಯಿ ಕಂದಾಯಕ್ಕೆ 240 ಇದೇ ಆಯ್ತು, ಅದು ನಮ್ಮೂರ ಚರಂಡಿಗೆ ಬರೋ ದುಡ್ಡಲ್ಲ. ಗ್ರಂಥಾಲಯ ಕರ ಕಟ್ಟೋ ನಾವು ಗ್ರಂಥಾಲಯದ ಮೆಟ್ಟಿಲು ಹತ್ತಿ ಎಷ್ಟು ವರ್ಷ ಆಯ್ತು ಅಂತ ನಾನೂ ಕೇಳ್ಕೊಂಡೆ, ನಗು ಬಂತು. ಕಂದಾಯ ಕಟ್ಟಿದ ರಸೀದಿ ಆಸ್ತಿ ನಿಮ್ಮದು ಅನ್ನೋದಕ್ಕೆ ಪತ್ರ ಅಲ್ಲ, ಅದೂ ನೆನಪಿರ್ಲಿ. ಮಾವನೋರು ತೀರ್ಕೊಂಡು ಹತ್ತು ವರ್ಷ ಆದ್ರೂ ಖಾತೆ ಅವರ ಹೆಸರಲ್ಲೇ ಇರೋ ಮನೆಗಳು ನಮ್ಮ ನೆಂಟರಲ್ಲೇ ಎಷ್ಟಿಲ್ಲ!

ಬಜೆಟ್‌ಗೆ ಮುಂಚೆ ಪೂರ್ವಭಾವಿ ಸಭೆ ಅಂತ ಕರೀತಾರೆ, ಸಾರ್ವಜನಿಕರು ಸಲಹೆ ಕೊಡಬಹುದು. ನಾನು ಒಂದ್ಸಲ ಹೋಗಿದ್ದೆ. ಬೆಳಿಗ್ಗೆ ಹನ್ನೊಂದಕ್ಕೆ, ನಾವೆಲ್ಲ ಮುದ್ದೆ ತಿರುವೋ ಹೊತ್ತಿಗೆ. ಕೌನ್ಸಿಲ್‌ನಲ್ಲಿ ಹೆಂಗಸರಿಗೆ ಅರ್ಧದಷ್ಟು ಸೀಟು ಮೀಸಲು, ಮಾತಾಡಿದ್ದು ಮಾತ್ರ ಅವರ ಯಜಮಾನ್ರು. ಬೀದಿ ದೀಪ, ರಸ್ತೆ, ಹೈಮಾಸ್ಟ್ ಅಂತೆಲ್ಲ ಬಂತು. ಸಂತೆಗೆ ಬರೋ ಹೆಂಗಸರಿಗೆ ಕದ, ನೀರು, ಚಿಲಕ ಇರೋ ಶೌಚಾಲಯ ಅನ್ನೋ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ಸಂತೆ ದಿನ ಬೆಳಿಗ್ಗೆಯಿಂದ ನೀರು ಕುಡೀದೆ ಸೊಪ್ಪು ಮಾರೋ ಹೆಂಗಸರನ್ನ ಕೇಳಿ, ಅದಕ್ಕೂ ಒಂದು ಲೆಕ್ಕ ಸಿಗುತ್ತೆ.

ಅದಕ್ಕೇ ಒಂದು ಅರ್ಜಿ ಬರೆದಿಟ್ಟಿದೀನಿ. ಸಭೇನ ಮಧ್ಯಾಹ್ನ ಮೂರು ಗಂಟೆಗೆ ಇಡಿ. ಹೋದ ವರ್ಷ ನಮ್ಮ ವಾರ್ಡಿಂದ ಎಷ್ಟು ಕಂದಾಯ ಬಂತು, ನಮ್ಮ ವಾರ್ಡಿಗೆ ಎಷ್ಟು ಖರ್ಚಾಯ್ತು, ಯಾರ ಬಾಕಿ ಎಷ್ಟು ಅಂತ ಆಫೀಸಿನ ಗೋಡೆಗೆ ಹಚ್ಚಿ. ಸಂತೇಲಿ ಶೌಚಾಲಯಕ್ಕೆ ಇಷ್ಟು ಅಂತ ಈ ಸಲದ ಬಜೆಟ್‌ನಲ್ಲೇ ಬರೀರಿ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯೋರು ಊರಿನ ಹೆಸರು ಬದಲಾಯಿಸ್ಕೊಂಡು ನಿಮ್ಮ ಆಫೀಸಿಗೇ ಕೊಡಬಹುದು. ನಮ್ಮ ಬೀದಿಯೋರು ಶನಿವಾರ ಸಂಜೆ ಮನೆಗೆ ಬನ್ನಿ, ಸಹಿ ಹಾಕೋಕೆ ಪೆನ್ನು ತರೋದು ಬೇಡ, ಕನ್ನಡಕ ತನ್ನಿ.